ಸಮಾಜವನ್ನು ಕಂಪ್ಯೂಟರಿನಲ್ಲಿ ನಡೆಸಿ ನೋಡಬಹುದಾ? ಕಲಬುರಗಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಲಬುರಗಿಯ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುತ್ತೇನೆ. ಸೂಪರ್‌ಕಂಪ್ಯೂಟರ್ ಮತ್ತು ರಾಶಿ ರಾಶಿ ಡೇಟಾ ಇಟ್ಟುಕೊಂಡು ಜನ ಏನು ಮಾಡುತ್ತಾರೆ ಅಂತ ಲೆಕ್ಕ ಹಾಕುವ ವಿಷಯದ ಮೇಲೆ ಅಲ್ಲಲ್ಲಿ ಮಾತಾಡುತ್ತಿರುತ್ತೇನೆ. ಬೀದರಿಗೆ ಹೋಗಲಿ, ಶಹಾಪುರಕ್ಕೆ ಹೋಗಲಿ, ಸುತ್ತಿ ಬಳಸಿ ಅವೇ ಪ್ರಶ್ನೆ ಬರುತ್ತವೆ. ಕೆಲವು ಪತ್ರದಲ್ಲಿ ಬಂದವು. ಜಾಸ್ತಿ ಬಂದದ್ದು ಭಾಷಣ ಮುಗಿದ ಮೇಲೆ, ಚಹಾ ಕುಡಿಯುವಾಗ. ಕೇಳಿದವರ ಮಾತನ್ನು ತಿದ್ದದೆ ಹಾಗೇ ಇಟ್ಟಿದ್ದೇನೆ.

## ಮೊದಲ ಪ್ರಶ್ನೆಗಳು

ಇದೇನ್ ಕಂಪ್ಯೂಟರ್ ಕಾಲಜ್ಞಾನ ಏನ್ರಿ ಸರ?

ಕೇಳಿದವರು ಹುಣಸಗಿ ಕಡೆಯವರು. ಕೊಡೇಕಲ್ ಬಸವಣ್ಣನ ಕಾಲಜ್ಞಾನ ಕೇಳುತ್ತಾ ಬೆಳೆದವರಿಗೆ ಈ ಅನುಮಾನ ಬರುವುದು ಸಹಜ.

ಅಲ್ಲ. ಕಾಲಜ್ಞಾನ 'ಹೀಗಾಗುತ್ತದೆ' ಅನ್ನುತ್ತದೆ. ಕಂಪ್ಯೂಟರ್ ಮಾಡೆಲ್ 'ನೀವು ಹೀಗೆ ಮಾಡಿದರೆ, ಹತ್ತರಲ್ಲಿ ಏಳು ಸಲ ಹೀಗಾಗಬಹುದು' ಅನ್ನುತ್ತದೆ. ಸುದ್ದಿಯಾಗಿ ಬರುವಷ್ಟರಲ್ಲಿ ಆ 'ಮಾಡಿದರೆ' ಎಲ್ಲೋ ಉದುರಿ ಹೋಗಿರುತ್ತದೆ. ಅರ್ಧ ಜಗಳ ಅಲ್ಲೇ ಶುರು. ನಾಟಕದ ಮುಂಚೆ ತಾಲೀಮು ಮಾಡುತ್ತಾರಲ್ಲ, ಇದು ಅಂಥ ತಾಲೀಮು.

ಸಮಾಜಾನ ಕಂಪ್ಯೂಟರ್ ಒಳಗ ಹಾಕೂದು ಅಂದ್ರ ಏನು? ಮನುಷ್ಯಾರನ್ನ ಹ್ಯಾಂಗ ಹಾಕ್ತಾರ?

ಇದಕ್ಕೆ ನಾನು ತರಗತಿಯಲ್ಲಿ ಕಂಪ್ಯೂಟರ್ ತೆರೆಯುವುದಿಲ್ಲ. ಒಂದು ಚೆಸ್ ಬೋರ್ಡ್, ಒಂದು ಮುಷ್ಟಿ ತೊಗರಿ, ಒಂದು ಮುಷ್ಟಿ ಜೋಳ ತರುತ್ತೇನೆ.

ಬೋರ್ಡಿನಲ್ಲಿ 64 ಮನೆ. 22 ಮನೆಗೆ ತೊಗರಿ ಕಾಳು, 22 ಮನೆಗೆ ಜೋಳದ ಕಾಳು. ಕಣ್ಣು ಮುಚ್ಚಿ ಹಾಕಿದ ಹಾಗೆ ಕಲಬೆರಕೆಯಾಗಿ ಇಡಬೇಕು. 20 ಮನೆ ಖಾಲಿ. ಈಗ ಒಂದೇ ನಿಯಮ. ಪ್ರತಿ ಕಾಳೂ ತನ್ನ ಸುತ್ತಲಿನ ಎಂಟು ಮನೆ ನೋಡುತ್ತದೆ. ಅಲ್ಲಿರುವ ನೆರೆಯವರಲ್ಲಿ ಮೂರನೇ ಒಂದು ಭಾಗವಾದರೂ ನಮ್ಮವರಿದ್ದರೆ ಕೂತಲ್ಲೇ ಕೂರುತ್ತದೆ. ಇಲ್ಲದಿದ್ದರೆ ಎದ್ದು ಹತ್ತಿರದ ಖಾಲಿ ಮನೆಗೆ ಹೋಗುತ್ತದೆ. ಗಮನಿಸಿ, ಯಾವ ಕಾಳೂ ಬೇರೆಯವರನ್ನು ಓಡಿಸುವುದಿಲ್ಲ. ಮೂರರಲ್ಲಿ ಇಬ್ಬರು ಬೇರೆಯವರಿದ್ದರೂ ಅದಕ್ಕೆ ತಕರಾರಿಲ್ಲ.

ಹುಡುಗರು ಕಾಳು ಸರಿಸುತ್ತಾ ಹೋಗುತ್ತಾರೆ. ಐದಾರು ಸುತ್ತು ಆಗುವಷ್ಟರಲ್ಲಿ ಬೋರ್ಡಿನ ಒಂದು ಮೂಲೆಯಲ್ಲಿ ತೊಗರಿ ಓಣಿ, ಇನ್ನೊಂದು ಕಡೆ ಜೋಳದ ಓಣಿ. ಪ್ರತಿ ವರ್ಷ ಇದೇ ಹೊತ್ತಿಗೆ ತರಗತಿ ಸುಮ್ಮನಾಗುತ್ತದೆ. ಯಾವ ಕಾಳಿಗೂ ಬೇಡವಾಗಿದ್ದದ್ದು ಎಲ್ಲಾ ಕಾಳು ಸೇರಿದಾಗ ಆಗಿಬಿಟ್ಟಿರುತ್ತದೆ.

ಅಮೆರಿಕದ ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ 1970ರ ಆಸುಪಾಸಿನಲ್ಲಿ ಇದನ್ನು ನಾಣ್ಯ ಇಟ್ಟು ಮಾಡಿದರು. 2005ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಕಂಪ್ಯೂಟರಿನಲ್ಲೂ ನಡೆಯುವುದು ಇದೇ. ಕಾಳಿಗೆ ವಯಸ್ಸು, ಕಸುಬು, ಮನೆ, ಬಸ್ಸಿನ ದಾರಿ, ಸಾಲ ಎಲ್ಲವನ್ನೂ ಹಚ್ಚುತ್ತಾರೆ. ಅಂಥ ಒಂದೊಂದು ಕಾಳಿಗೆ 'ಏಜೆಂಟ್' ಅಂತ ಹೆಸರು.

ಅಷ್ಟಕ್ಕೆ ಸೂಪರ್‌ಕಂಪ್ಯೂಟರ್ ಯಾಕೆ? ನನ್ನ ಲ್ಯಾಪ್‌ಟಾಪ್ ಸಾಕಾಗಲ್ವಾ?

64 ಮನೆಗೆ ಸಾಕು. ಜಿಲ್ಲೆಗೆ ಸಾಲದು. ನೀವೇ ಗುಣಿಸಿ ನೋಡಿ. 2011ರ ಜನಗಣತಿಯಲ್ಲಿ ಆಗಿನ ಗುಲಬರ್ಗಾ ಜಿಲ್ಲೆಯ ಜನಸಂಖ್ಯೆ 25,66,326. ಒಬ್ಬೊಬ್ಬರು ದಿನಕ್ಕೆ ಹತ್ತು ಜನರನ್ನು ಭೇಟಿಯಾದರೂ ದಿನಕ್ಕೆ ಸುಮಾರು ಎರಡೂವರೆ ಕೋಟಿ ಭೇಟಿ ಪರಿಶೀಲಿಸಬೇಕು. ರೋಗ ಹರಡುವುದನ್ನು 200 ದಿನ ನಡೆಸಿದರೆ 500 ಕೋಟಿ. ಒಂದೇ ಸಲ ನಡೆಸಿ ನಂಬುವ ಹಾಗಿಲ್ಲ, ಅದೃಷ್ಟದ ಆಟ ಇರುತ್ತದೆ. ಸಾವಿರ ಸಲ ನಡೆಸಿದರೆ ಐದು ಲಕ್ಷ ಕೋಟಿ. ಇದಕ್ಕೆ 'ಶಾಲೆ ಮುಚ್ಚಿದರೆ', 'ಸಂತೆ ಮುಚ್ಚಿದರೆ' ಅಂತ ಹತ್ತು ಬಗೆ ಸೇರಿಸಿ.

ಬೆಂಗಳೂರಿನ ವಿಜ್ಞಾನ ಸಂಸ್ಥೆ ಐಐಎಸ್ಸಿಯಲ್ಲಿ 2022ರಲ್ಲಿ ಶುರುವಾದ ಸೂಪರ್‌ಕಂಪ್ಯೂಟರ್ ಪರಮ್ ಪ್ರವೇಗಕ್ಕೆ 3.3 ಪೆಟಾಫ್ಲಾಪ್ ಶಕ್ತಿ. ಅಂದರೆ ಸೆಕೆಂಡಿಗೆ 3,300 ಲಕ್ಷ ಕೋಟಿ ಲೆಕ್ಕ. 2024ರ ನವೆಂಬರಿನಲ್ಲಿ ಜಗತ್ತಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂದ ಅಮೆರಿಕದ ಎಲ್ ಕ್ಯಾಪಿಟನ್ ಅದರ ಸುಮಾರು 500 ಪಟ್ಟು. ಯಂತ್ರದ ಬಲಕ್ಕೆ ಈಗ ಬರ ಇಲ್ಲ. ಬರ ಇರುವುದು ಬೇರೆ ಕಡೆ. ಅದು ಗುಳೆಯ ಪ್ರಶ್ನೆಯಲ್ಲಿ ಬರುತ್ತದೆ.

ಈ ಹುಚ್ಚು ಮೊದಲು ಯಾರಿಗೆ ಹತ್ತಿತು?

ಹಳೇ ಹುಚ್ಚು. ಬೆಲ್ಜಿಯಂನ ಖಗೋಳ ವಿಜ್ಞಾನಿ ಕೆಟ್ಲೆ 1835ರಷ್ಟು ಹಿಂದೆಯೇ 'ಸಾಮಾಜಿಕ ಭೌತಶಾಸ್ತ್ರ' ಅಂದರು. ನಕ್ಷತ್ರಕ್ಕೆ ನಿಯಮ ಇದ್ದರೆ ಮದುವೆಗೆ, ಕಳ್ಳತನಕ್ಕೆ ಯಾಕಿರಬಾರದು ಅನ್ನುವುದು ಅವರ ವಾದ. ಇಂಗ್ಲೆಂಡಿನ ಲೂಯಿಸ್ ಫ್ರೈ ರಿಚರ್ಡ್‌ಸನ್ 1922ರಲ್ಲಿ, 64,000 ಜನರನ್ನು ಒಂದು ದೊಡ್ಡ ಸಭಾಂಗಣದಲ್ಲಿ ಕೂರಿಸಿ ಹವಾಮಾನ ಲೆಕ್ಕ ಹಾಕಿಸುವ ಕನಸು ಕಂಡರು. ಆಮೇಲೆ ಅದೇ ಮನುಷ್ಯ ಯುದ್ಧಗಳನ್ನೂ ಗಣಿತದಲ್ಲಿ ಹಿಡಿಯಲು ಕೂತರು. ಚಿಲಿ ದೇಶ 1971ರಿಂದ 1973ರವರೆಗೆ ಸೈಬರ್‌ಸಿನ್ ಅಂತ ಮಾಡಿತು. ಕಾರ್ಖಾನೆಗಳನ್ನೆಲ್ಲ ಟೆಲೆಕ್ಸ್ ಮೂಲಕ ಜೋಡಿಸಿ ದೇಶದ ಆರ್ಥಿಕತೆಯನ್ನು ಒಂದು ಕೋಣೆಯಿಂದ ನೋಡುವ ಯೋಜನೆ ಅದು. ಸೇನೆ ದಂಗೆ ಎದ್ದಿತು, ಯೋಜನೆ ಮುಗಿಯಿತು.

ಎಲ್ಲಕ್ಕಿಂತ ದೊಡ್ಡ ಆಸೆ ಯೂರೋಪಿನ ಫ್ಯೂಚರ್‌ಐಸಿಟಿ. ಜ್ಯೂರಿಕ್‌ನ ಡಿರ್ಕ್ ಹೆಲ್ಬಿಂಗ್ ಮತ್ತು ಜೊತೆಗಾರರು 'ಜೀವಂತ ಭೂಮಿಯ ಸಿಮ್ಯುಲೇಟರ್', ಅಂದರೆ ಇಡೀ ಜಗತ್ತನ್ನೇ ಕಂಪ್ಯೂಟರಿನಲ್ಲಿ ನಡೆಸಿ ನೋಡುವ ವ್ಯವಸ್ಥೆ, ಕಟ್ಟಲು 100 ಕೋಟಿ ಯೂರೋ ಕೇಳಿದರು. 2013ರ ಜನವರಿಯಲ್ಲಿ ಹಣ ಮೆದುಳಿನ ಯೋಜನೆಗೂ ಗ್ರಾಫೀನ್ ಅನ್ನುವ ವಸ್ತುವಿನ ಯೋಜನೆಗೂ ಹೋಯಿತು. ಇವರಿಗೆ ಸಿಗಲಿಲ್ಲ.

## ನಮ್ಮ ಲೆಕ್ಕ ಎಲ್ಲಿಂದ ಬರುತ್ತದೆ

ನಮ್ಮ ಊರಿನ ಮಂದಿಯ ವಿವರ ಅವರಿಗೆ ಯಾರು ಕೊಡ್ತಾರ?

ಜಾಸ್ತಿ ಸಲ ಯಾರೂ ಕೊಡುವುದಿಲ್ಲ, ಅವರೇ ಜನರನ್ನು ಹುಟ್ಟಿಸುತ್ತಾರೆ! ಜನಗಣತಿಯಲ್ಲಿ ಊರಿನ ಒಟ್ಟು ಲೆಕ್ಕ ಇರುತ್ತದೆ. ಇಷ್ಟು ಗಂಡಸರು, ಇಷ್ಟು ಹೆಂಗಸರು, ಇಷ್ಟು ಮನೆ, ಇಷ್ಟು ಓದಿದವರು. ಆ ಒಟ್ಟು ಮೊತ್ತಕ್ಕೆ ಸರಿಹೊಂದುವ ಹಾಗೆ ಕಂಪ್ಯೂಟರ್ ಸುಳ್ಳು ಮನೆಗಳನ್ನೂ ಸುಳ್ಳು ಮನುಷ್ಯರನ್ನೂ ಸೃಷ್ಟಿಸುತ್ತದೆ. ನಿಮ್ಮ ಓಣಿಯಲ್ಲಿ 200 ಮನೆ ಇದ್ದರೆ ಅಲ್ಲೂ 200 ಮನೆ. ಆದರೆ ಯಾವ ಮನೆಯೂ ನಿಮ್ಮದಲ್ಲ. ಇದಕ್ಕೆ ಕೃತಕ ಜನಸಂಖ್ಯೆ ಅನ್ನೋಣ.

ತೊಡಕು ಇರುವುದು ಮೂಲದಲ್ಲಿ. ನಮ್ಮ ಹತ್ತಿರ ಇರುವ ಕೊನೆಯ ಪೂರ್ತಿ ಜನಗಣತಿ 2011ರದು. 2021ರದು ಮುಂದಕ್ಕೆ ಹೋಯಿತು. ಹೊಸ ಗಣತಿಯ ಎಣಿಕೆಗೆ ಆಧಾರವಾಗಿ ಇಟ್ಟುಕೊಂಡ ದಿನ 2027ರ ಮಾರ್ಚ್ 1. 2011ರಲ್ಲಿ ಹುಟ್ಟಿದ ಮಗು ಆಗ ಪಿಯುಸಿಯಲ್ಲಿ ಇರುತ್ತದೆ. ಅಷ್ಟು ಹಳೆಯ ಫೋಟೋ ಇಟ್ಟುಕೊಂಡು ಇವತ್ತಿನ ಮುಖ ಗುರುತಿಸಬೇಕು.

ಗುಳೆ ಹೋದವ್ರನ್ನ ಎಲ್ಲಿ ಲೆಕ್ಕ ಹಿಡೀತಾರ?

ನಾನು ಕೇಳಿದ ಪ್ರಶ್ನೆಗಳಲ್ಲಿ ಇದೇ ಎಲ್ಲಕ್ಕಿಂತ ಒಳ್ಳೆಯದು. ಯಾದಗಿರಿ ಜಿಲ್ಲೆಯ ಒಬ್ಬ ಅಜ್ಜ ಕೇಳಿದ್ದು.

ನನ್ನ ಹೆಂಡತಿ ಶಾಲೆಯ ಟೀಚರ್. ಒಂದು ಸಮೀಕ್ಷೆಯ ಕೆಲಸಕ್ಕೆ ಹಾಕಿದ್ದರು, ಒಂದು ಭಾನುವಾರ ನಾನೂ ಜೊತೆಗೆ ಹೋದೆ. ತಾಂಡಾದ ಒಂದು ಮನೆ. ಕಟ್ಟೆಯ ಮೇಲೆ ಅಜ್ಜಿ, ಮೊಮ್ಮಕ್ಕಳಿಬ್ಬರು. ಫೋನಿನಲ್ಲಿ ಮೊದಲ ಪ್ರಶ್ನೆ: ಮನೆಯಲ್ಲಿ ಎಷ್ಟು ಜನ? ಅಜ್ಜಿ ಹೇಳಿದ್ದು, "ಈಗ ಮೂರ ಮಂದಿ ಅದೀವ್ರಿ. ಯುಗಾದಿಗಿ ಬಂದ್ರ ಎಂಟ ಮಂದಿ." ನನ್ನ ಹೆಂಡತಿ ಬೆರಳನ್ನು ಪರದೆಯ ಮೇಲೆ ಇಟ್ಟುಕೊಂಡು ನನ್ನ ಮುಖ ನೋಡಿದಳು. ಆ ಚೌಕದಲ್ಲಿ ಒಂದೇ ಅಂಕಿ ಹಿಡಿಯುತ್ತದೆ. ಮೂರು ಬರೆದರೆ ಐದು ಮಂದಿ ಪುಣೆಯ ಯಾವುದೋ ಕಟ್ಟಡದ ಕೆಲಸದಲ್ಲಿ ಮಾಯ. ಎಂಟು ಬರೆದರೆ ಆ ಊರಿನ ಅಂಗಡಿ, ಬಸ್ಸು, ಆಸ್ಪತ್ರೆಯ ಲೆಕ್ಕ ಎಲ್ಲ ಸುಳ್ಳು. ಎಂಟು ಬರೆದಳು. ರೇಷನ್ ಕಾರ್ಡಿನಲ್ಲೂ ಎಂಟೇ ಇತ್ತು.

ಎಲ್ ಕ್ಯಾಪಿಟನ್ ತಂದು ಅಫಜಲಪುರದಲ್ಲಿ ಇಟ್ಟರೂ ಈ ಚೌಕ ಸರಿಯಾಗುವುದಿಲ್ಲ. ಯಾವ ತಿಂಗಳು ಯಾವ ತಾಂಡಾ ಖಾಲಿಯಾಗುತ್ತದೆ, ಎಲ್ಲಿಗೆ ಹೋಗುತ್ತದೆ, ಯಾವ ಹಬ್ಬಕ್ಕೆ ತುಂಬುತ್ತದೆ ಅನ್ನುವುದು ಮೇಸ್ತ್ರಿಗೆ ಗೊತ್ತು, ಬಸ್ಸಿನ ಕಂಡಕ್ಟರಿಗೆ ಗೊತ್ತು. ಅದು ಡೇಟಾ ಆಗುವವರೆಗೆ ನಮ್ಮ ಕಡೆಯ ಯಾವ ಸಿಮ್ಯುಲೇಶನ್ನಿಗೂ ಒಂದು ಕಾಲು ಕುಂಟೇ. ಮೊಬೈಲ್ ಕಂಪನಿಗಳ ಟವರ್ ಲೆಕ್ಕದಿಂದ ಸ್ವಲ್ಪ ಹಿಡಿಯಬಹುದು. ಆದರೆ ಮನೆಗೊಂದೇ ಫೋನ್ ಇದ್ದು ಅದು ಗಂಡಸಿನ ಜೇಬಿನಲ್ಲಿದ್ದರೆ, ಹೆಂಗಸರೂ ಮಕ್ಕಳೂ ಮತ್ತೆ ಮಾಯ.

ಹೆಸರು, ನಂಬರ್ ತೆಗೆದು ಕೊಟ್ರೆ ನಮ್ಮ ಗುಟ್ಟು ಉಳಿಯುತ್ತೆ ಅಲ್ವಾ?

ಉಳಿಯುವುದಿಲ್ಲ. 2013ರಲ್ಲಿ ಬಂದ ಒಂದು ಅಧ್ಯಯನದಲ್ಲಿ 15 ಲಕ್ಷ ಜನರ ಫೋನ್ ಓಡಾಟ ನೋಡಿದರು. ಹೆಸರು ಇರಲಿಲ್ಲ. ಆದರೂ ಯಾವ ಹೊತ್ತಿಗೆ ಎಲ್ಲಿದ್ದರು ಅನ್ನುವ ನಾಲ್ಕು ಚುಕ್ಕಿ ಸಿಕ್ಕರೆ ನೂರಕ್ಕೆ 95 ಜನ ಬೇರೆಯಾಗಿ ಗುರುತಿಗೆ ಸಿಗುತ್ತಿದ್ದರು. ನೀವೇ ಯೋಚಿಸಿ. ಬೆಳಿಗ್ಗೆ ಶಹಾಬಾದಿನಲ್ಲಿ ಮನೆ, ಹತ್ತಕ್ಕೆ ಕಲಬುರಗಿಯ ಒಂದು ಕಚೇರಿ, ಗುರುವಾರ ಗಾಣಗಾಪುರ. ಇಂಥವರು ಎಷ್ಟು ಜನ ಇರುತ್ತಾರೆ?

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಹೇಳಿತು. ಆ ಕೇಸು ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಬಂತು. ಕೃತಕ ಜನಸಂಖ್ಯೆ ನನಗೆ ಇಷ್ಟವಾಗುವುದೂ ಇದೇ ಕಾರಣಕ್ಕೆ. ಸುಳ್ಳು ಮನುಷ್ಯರಿಗೆ ಗುಟ್ಟು ಇರುವುದಿಲ್ಲ.

## ಎಲ್ಲಿ ನಡೆಯಿತು, ಎಲ್ಲಿ ಎಡವಿತು

ಕೊರೋನಾ ಟೈಮಿನ್ಯಾಗ ಈ ಮಾಡೆಲ್ಲಿನವ್ರು ಎಲ್ಲಿದ್ರಿ?

ಈ ಪ್ರಶ್ನೆಯಲ್ಲಿ ಸಿಟ್ಟಿದೆ. ಇರಬೇಕಾದದ್ದೇ. ದೇಶದ ಮೊದಲ ಕೋವಿಡ್ ಸಾವು ದಾಖಲಾದದ್ದು ನಮ್ಮ ಕಲಬುರಗಿಯವರದು, 2020ರ ಮಾರ್ಚಿನಲ್ಲಿ.

ಅವರು ಕೆಲಸದಲ್ಲೇ ಇದ್ದರು. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ತಂಡ ಅದೇ ಮಾರ್ಚ್ 16ರಂದು, ಏನೂ ಮಾಡದೆ ಬಿಟ್ಟರೆ ಬ್ರಿಟನ್ನಿನಲ್ಲಿ 5.1 ಲಕ್ಷ ಜನ ಸಾಯಬಹುದು ಅಂದಿತು. ಅಲ್ಲಿನ ಸರ್ಕಾರ ಬೆದರಿ ಒಂದು ವಾರದಲ್ಲಿ ಲಾಕ್‌ಡೌನ್ ಮಾಡಿತು. ಅಷ್ಟು ಜನ ಸಾಯಲಿಲ್ಲ. ಆಮೇಲೆ 'ಲೆಕ್ಕ ತಪ್ಪು' ಅಂತ ಬೈದವರೂ ಇದ್ದರು. 'ಏನೂ ಮಾಡದೆ ಬಿಟ್ಟರೆ' ಅನ್ನುವುದು ಅವರಿಗೆ ಕೇಳಿಸಿರಲಿಲ್ಲ.

ನಮ್ಮಲ್ಲಿ ಐಐಎಸ್ಸಿ ಮತ್ತು ಮುಂಬೈನ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್ ತಂಡಗಳು ಬೆಂಗಳೂರು, ಮುಂಬೈ ಎರಡಕ್ಕೂ ಮೇಲೆ ಹೇಳಿದಂಥ ಕೃತಕ ಜನರನ್ನು ಕಟ್ಟಿ, ಮನೆ, ಶಾಲೆ, ಕೆಲಸದ ಜಾಗ, ರೈಲು ಎಲ್ಲ ಸೇರಿಸಿ ನಡೆಸಿದವು. ಒಳ್ಳೆಯ ಕೆಲಸ. ಆದರೆ ಕಲಬುರಗಿ, ಯಾದಗಿರಿಯಲ್ಲಿ ಮೇ ತಿಂಗಳಲ್ಲಿ ಸೋಂಕು ಏರಿದ್ದು ಮಹಾರಾಷ್ಟ್ರದಿಂದ ವಾಪಸ್ ಬಂದವರಿಂದ. ಎರಡು ಊರು ಬೇರೆ ಬೇರೆ ಪೆಟ್ಟಿಗೆಯಲ್ಲಿದ್ದರೆ, ಮುಂಬೈ ಬಿಟ್ಟು ಯಾದಗಿರಿಗೆ ಬಂದವನು ಯಾವ ಪೆಟ್ಟಿಗೆಯವನು?

ತಪ್ಪಿದ್ದೂ ಉಂಟು. 2021ರ ಎರಡನೇ ಅಲೆ ಏಪ್ರಿಲ್ ನಡುವಿನಲ್ಲಿ ತುದಿ ಮುಟ್ಟಿ ಇಳಿಯುತ್ತದೆ ಅಂತ 'ಸೂತ್ರ' ಮಾಡೆಲ್ಲಿನವರು ಹೇಳಿದ್ದರು. ಇಳಿಯಲಿಲ್ಲ. ಮೇ ಮೊದಲ ವಾರದಲ್ಲಿ ದಿನಕ್ಕೆ ನಾಲ್ಕು ಲಕ್ಷ ದಾಟಿತು. ಅದು ಏಜೆಂಟುಗಳ ಮಾಡೆಲ್ ಅಲ್ಲ, ಗೆರೆ ಹಿಡಿದು ಮುಂದೆ ಎಳೆಯುವ ಬಗೆ. ವೈರಸ್ ನಡುವೆ ತಳಿ ಬದಲಿಸಿದರೆ ಹಳೇ ಗೆರೆ ದಾರಿ ತಪ್ಪುತ್ತದೆ.

ಅಪ್ಪನ ಜಾತ್ರಿಗಿ ಇದು ಉಪಯೋಗ ಆಗ್ತದೇನು?

ಆಗುತ್ತದೆ. ನನ್ನ ಲೆಕ್ಕದಲ್ಲಿ ಇಡೀ ವಿಷಯದಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ಭಾಗ ಇದೇ. ಲಕ್ಷ ಜನ ಇದ್ದರೂ ಅಲ್ಲಿ ಒಬ್ಬೊಬ್ಬರ ಆಸೆ ಸರಳ: ಮುಂದೆ ಹೋಗಬೇಕು, ಯಾರಿಗೂ ಗುದ್ದಬಾರದು. ಹೆಲ್ಬಿಂಗ್ ಮತ್ತು ಮೋಲ್ನಾರ್ 1995ರಲ್ಲಿ ಇದನ್ನೇ ಸೂತ್ರವಾಗಿ ಬರೆದರು. ಬಾಗಿಲಲ್ಲಿ ಅವಸರ ಮಾಡಿದಷ್ಟೂ ಹೊರಗೆ ಹೋಗುವುದು ತಡವಾಗುತ್ತದೆ ಅಂತ 2000ರಲ್ಲಿ ಹೆಲ್ಬಿಂಗ್ ಮತ್ತು ಬೇರೆ ಜೊತೆಗಾರರು ಸಿಮ್ಯುಲೇಶನ್‌ನಲ್ಲಿ ತೋರಿಸಿದರು.

2006ರ ಜನವರಿಯಲ್ಲಿ ಹಜ್ ಯಾತ್ರೆಯಲ್ಲಿ, ಮಿನಾದ ಜಮರಾತ್ ಸೇತುವೆಯ ಹತ್ತಿರ 340ಕ್ಕೂ ಹೆಚ್ಚು ಜನ ನೂಕುನುಗ್ಗಲಿನಲ್ಲಿ ಸತ್ತರು. ಆ ವಿಡಿಯೋ ಹಿಡಿದು ಕೂತವರಿಗೆ ಒಂದು ಕ್ರಮ ಕಂಡಿತು. ಮೊದಲು ಜನ ಸರಾಗವಾಗಿ ಹರಿಯುತ್ತಾರೆ. ಆಮೇಲೆ ನಿಂತು, ನಡೆದು, ನಿಂತು, ನಡೆದು ಅಲೆ ಬರುತ್ತದೆ. ಅದಾದ ಮೇಲೆ ಗುಂಪೇ ತನ್ನಷ್ಟಕ್ಕೆ ಅತ್ತಿತ್ತ ಹೊಯ್ದಾಡುತ್ತದೆ, ಆಗ ಯಾರ ಕಾಲೂ ಅವರ ಮಾತು ಕೇಳುವುದಿಲ್ಲ. ಆ ನಿಂತು ನಡೆಯುವ ಅಲೆಯೇ ಗಂಟೆ ಬಾರಿಸಬೇಕಾದ ಹೊತ್ತು.

ಶರಣಬಸವೇಶ್ವರರ ತೇರು ಎಳೆಯುವಾಗ ನೀವು ನಡುವೆ ನಿಂತಿದ್ದರೆ ಈ ಮೊದಲೆರಡು ಹಂತ ಮೈಗೇ ಗೊತ್ತಿರುತ್ತದೆ. ತೇರಿನತ್ತ ಉತ್ತತ್ತಿ ಎಸೆಯಲು ಎಲ್ಲರೂ ಮುಂದೆ ನುಗ್ಗುತ್ತಾರೆ, ಆಮೇಲೆ ಹಿಂದಿನವರು ತಳ್ಳುತ್ತಾರೆ. ಬಂದೇ ನವಾಜ್ ದರ್ಗಾದ ಉರುಸಿಗೂ ಇದೇ ಮಾತು. ಹೋಗುವ ದಾರಿ ಬೇರೆ, ಬರುವ ದಾರಿ ಬೇರೆ ಮಾಡಿದರೆ ಏನಾಗುತ್ತದೆ ಅಂತ ಒಂದು ಸಾಮಾನ್ಯ ಕಂಪ್ಯೂಟರಿನಲ್ಲೇ ನಡೆಸಿ ನೋಡಬಹುದು.

ಈ ವರ್ಷ ತೊಗರಿ ಹಾಕ್ಲೋ ಬ್ಯಾಡೋ, ಅಷ್ಟ ಹೇಳ್ರಿ ಸಾಕು.

ಹೇಳುವುದಿಲ್ಲ. ಹೇಳಲು ಬರದೆ ಅಲ್ಲ. ನಾನು ಹೇಳಿದ ತಕ್ಷಣ ಅದು ಸುಳ್ಳಾಗುತ್ತದೆ.

2015ರ ಕೊನೆಗೆ ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತ್ತು, ನೆನಪಿದೆಯಾ? ಮುಂದಿನ ಮುಂಗಾರಿಗೆ ನಮ್ಮ ಮಾವನವರು ಹೆಸರು, ಉದ್ದು ಬಿಟ್ಟು ಹೊಲಕ್ಕೆಲ್ಲ ತೊಗರಿ ಬಿತ್ತಿದರು. ಅವರ ಪಕ್ಕದ ಹೊಲದವರೂ ಬಿತ್ತಿದರು. ಮಳೆಯೂ ಕೈಹಿಡಿಯಿತು. ದೇಶದಲ್ಲಿ 2015-16ರಲ್ಲಿ ಸುಮಾರು 25 ಲಕ್ಷ ಟನ್ ಇದ್ದ ತೊಗರಿ 2016-17ರಲ್ಲಿ 48 ಲಕ್ಷ ಟನ್ ದಾಟಿತು. ಬೆಂಬಲ ಬೆಲೆ ಕ್ವಿಂಟಲಿಗೆ 5,050 ರೂಪಾಯಿ. ಪೇಟೆಯ ದರ ಅದಕ್ಕಿಂತ ಕೆಳಗೆ. ಮಾವ ಗಂಜಿನಿಂದ, ಅಂದರೆ ಕಾಳಿನ ಮಾರುಕಟ್ಟೆಯಿಂದ, ಬಂದು ಚೀಲ ಇಳಿಸಿದ ಹಾಗೆ ಮಂಚದ ಮೇಲೆ ಕೂತರು. "ಎಲ್ಲಾರೂ ಶಾಣ್ಯಾ ಆದ್ರ ಹಿಂಗ ನೋಡು," ಅಂದರು.

ಅರ್ಥಶಾಸ್ತ್ರದಲ್ಲಿ ಇದಕ್ಕೆ ಜೇಡರ ಬಲೆಯ ಲೆಕ್ಕ ಅಂತ ಹೆಸರಿದೆ, ಎಝೆಕಿಯಲ್ ಅನ್ನುವವರು 1938ರಲ್ಲಿ ವಿವರವಾಗಿ ಬರೆದಿದ್ದಾರೆ. ಹೋದ ವರ್ಷದ ಬೆಲೆ ನೋಡಿ ಈ ವರ್ಷ ಬಿತ್ತುವುದು, ಎಲ್ಲರೂ ಬಿತ್ತಿದ್ದಕ್ಕೆ ಬೆಲೆ ಬೀಳುವುದು, ಬಿದ್ದದ್ದಕ್ಕೆ ಮುಂದಿನ ವರ್ಷ ಬಿಡುವುದು, ಬಿಟ್ಟದ್ದಕ್ಕೆ ಏರುವುದು. ಚುಕ್ಕಿ ಸೇರಿಸಿದರೆ ಬಲೆಯ ಹಾಗೆ ಕಾಣುತ್ತದೆ.

ಈಗ ನನ್ನ ಹತ್ತಿರ ಬಹಳ ಒಳ್ಳೆಯ ಮಾಡೆಲ್ ಇದೆ ಅಂತ ಇಟ್ಟುಕೊಳ್ಳಿ. 'ಈ ಸಲ ತೊಗರಿಗೆ ಒಳ್ಳೆ ಬೆಲೆ' ಅಂತ ನಿಮಗೊಬ್ಬರಿಗೇ ಹೇಳಿದರೆ ನೀವು ಗೆಲ್ಲುತ್ತೀರಿ. ಜಿಲ್ಲೆಗೆಲ್ಲ ಹೇಳಿದರೆ ಜಿಲ್ಲೆಯೆಲ್ಲ ಬಿತ್ತುತ್ತದೆ, ಬೆಲೆ ಬೀಳುತ್ತದೆ. ಮಳೆಗೆ ಈ ರೋಗ ಇಲ್ಲ. ನಾಳೆ ಮಳೆ ಅಂತ ರೇಡಿಯೋದಲ್ಲಿ ಹೇಳಿದ್ದನ್ನು ಮೋಡ ಕೇಳಿಸಿಕೊಳ್ಳುವುದಿಲ್ಲ. ರೈತ ಕೇಳಿಸಿಕೊಳ್ಳುತ್ತಾನೆ.

ಇದರ ಮೇಲೆ ನೆಟೆ ರೋಗ ಯಾವ ಹೊಲಕ್ಕೆ ಬೀಳುತ್ತದೋ, ಮ್ಯಾನ್ಮಾರ್ ಮತ್ತು ಮೊಜಾಂಬಿಕ್‌ನಿಂದ ಎಷ್ಟು ಹಡಗು ಬರಲಿ ಅಂತ ದೆಹಲಿಯಲ್ಲಿ ಯಾವ ದಿನ ತೀರ್ಮಾನ ಆಗುತ್ತದೋ. ಹಾಗಾದರೆ ಮಾಡೆಲ್ ಯಾಕೆ ಬೇಕು? ಸರ್ಕಾರಕ್ಕೆ ಬೇಕು. ಇಷ್ಟು ಖರೀದಿ ಮಾಡಿದರೆ ಬೆಲೆ ಎಷ್ಟು ನಿಲ್ಲುತ್ತದೆ, ಆಮದು ಒಂದು ತಿಂಗಳು ತಡ ಮಾಡಿದರೆ ಏನಾಗುತ್ತದೆ ಅಂತ ಮುಂಚೆ ನಡೆಸಿ ನೋಡುವುದಕ್ಕೆ.

ಗೂಗಲ್ ಹತ್ರ ಎಲ್ಲರ ಡೇಟಾ ಇದೆಯಲ್ಲ, ಅವರಿಗೂ ಬರಲ್ವಾ?

ಪ್ರಯತ್ನ ಮಾಡಿದರು. ಜನ ಜ್ವರ, ಕೆಮ್ಮು ಅಂತ ಹುಡುಕುವುದನ್ನು ನೋಡಿ ಫ್ಲೂ ಎಷ್ಟು ಹರಡಿದೆ ಅಂತ ಹೇಳುವ 'ಫ್ಲೂ ಟ್ರೆಂಡ್ಸ್' 2008ರಲ್ಲಿ ಶುರುವಾಯಿತು. ಮೊದಲು ಎಲ್ಲರೂ ಹೊಗಳಿದರು. 2012-13ರ ಚಳಿಗಾಲದಲ್ಲಿ ಅಮೆರಿಕದ ಆರೋಗ್ಯ ಇಲಾಖೆಯ ಲೆಕ್ಕಕ್ಕಿಂತ ಸುಮಾರು ಎರಡು ಪಟ್ಟು ಜಾಸ್ತಿ ಹೇಳಿತು. 2015ರಲ್ಲಿ ನಿಲ್ಲಿಸಿದರು. ಟಿವಿಯಲ್ಲಿ ಫ್ಲೂ ಸುದ್ದಿ ಬಂದರೆ ಆರೋಗ್ಯವಾಗಿರುವವರೂ ಹುಡುಕುತ್ತಾರೆ, ಅಷ್ಟೇ.

ಹೆಣ್ಣುಮಕ್ಕಳಿಗೆ ಬಸ್ ಫ್ರೀ ಮಾಡಿದ್ರಲ್ಲ, ಅದನ್ನ ಮೊದಲೇ ಲೆಕ್ಕ ಹಾಕಬಹುದಿತ್ತಾ?

ಭಾಗಶಃ. ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ರಂದು. ಅದಕ್ಕೆ ಹಿಂದಿನ ಹತ್ತು ವರ್ಷದ ಟಿಕೆಟ್ ಲೆಕ್ಕವನ್ನೆಲ್ಲ ಯಂತ್ರಕ್ಕೆ ತಿನ್ನಿಸಿದರೂ ಒಂದು ವಿಷಯ ಅದರಲ್ಲಿ ಇಲ್ಲ: ಮಾಡದೇ ಉಳಿದ ಪ್ರಯಾಣ. ದುಡ್ಡಿಲ್ಲ ಅಂತ ತವರಿಗೆ ಹೋಗದವಳು, ಅಮಾವಾಸ್ಯೆಗೆ ಗಾಣಗಾಪುರಕ್ಕೆ ಹೋಗಬೇಕೆಂದು ಸುಮ್ಮನಾದವಳು ಯಾವ ಟಿಕೆಟ್ಟಿನಲ್ಲೂ ಕಾಣುವುದಿಲ್ಲ.

ನಿಯಮ ಬದಲಾದರೆ ಜನರ ನಡವಳಿಕೆಯೂ ಬದಲಾಗುತ್ತದೆ, ಹಳೇ ಅಂಕಿ ಹಿಡಿದು ಹೊಸ ನಿಯಮದ ಫಲ ಹೇಳಬೇಡಿ ಅಂತ ಅಮೆರಿಕದ ಅರ್ಥಶಾಸ್ತ್ರಜ್ಞ ರಾಬರ್ಟ್ ಲೂಕಸ್ 1976ರಲ್ಲೇ ಎಚ್ಚರಿಸಿದ್ದರು. ಇಂಥ ಕಡೆ ಟಿಕೆಟ್ ಯಂತ್ರಕ್ಕಿಂತ ಮನೆಗೆ ಹೋಗಿ 'ಬಸ್ ಫ್ರೀ ಆದ್ರ ಎಲ್ಲಿಗಿ ಹೋಗ್ತೀರಿ?' ಅಂತ ಕೇಳುವುದೇ ಮೇಲು. ಆ ಉತ್ತರವನ್ನು ಏಜೆಂಟಿಗೆ ಕಲಿಸಬೇಕು.

## ಸ್ವಲ್ಪ ಆಳಕ್ಕೆ

ನನ್ನ ಮಗ ಮುಂದ ಏನಾಗ್ತಾನ ಅಂತ ಹೇಳ್ತದೇನ್ರಿ ಇದು?

ಇಲ್ಲ ಅಕ್ಕಾ. ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಅಮೆರಿಕದಲ್ಲಿ 4,242 ಕುಟುಂಬಗಳ ಮಕ್ಕಳನ್ನು ಹುಟ್ಟಿದಾಗಿನಿಂದ ಗಮನಿಸಿದ್ದರು. ಒಂದೊಂದು ಕುಟುಂಬಕ್ಕೆ ಸುಮಾರು 13,000 ವಿವರ. 160 ತಂಡಗಳಿಗೆ ಆ ರಾಶಿ ಕೊಟ್ಟು, ಮಗುವಿಗೆ 15 ಆದಾಗ ಅಂಕ ಎಷ್ಟು, ಮನೆಯಿಂದ ಹೊರಹಾಕಿಸಿಕೊಂಡರಾ ಇತ್ಯಾದಿ ಆರು ವಿಷಯ ಹೇಳಿ ಅಂದರು. 2020ರಲ್ಲಿ ಫಲಿತಾಂಶ ಬಂತು. ಎಲ್ಲಕ್ಕಿಂತ ಒಳ್ಳೆಯ ಯಂತ್ರವೂ, ನಾಲ್ಕೇ ವಿವರ ಇಟ್ಟುಕೊಂಡ ಸರಳ ಲೆಕ್ಕಕ್ಕಿಂತ ಅಷ್ಟೇನೂ ಮೇಲಿರಲಿಲ್ಲ.

ಗುಂಪಿನ ಲೆಕ್ಕ ಬೇರೆ, ಒಬ್ಬನ ಲೆಕ್ಕ ಬೇರೆ.

ಮಾತಾಡೋ ಎಐಗಳನ್ನೇ ಜನರ ಬದಲು ಕೂರಿಸಿದ್ರೆ?

ಈಗ ಅದೇ ಓಟ. 2023ರಲ್ಲಿ ಸ್ಟ್ಯಾನ್‌ಫರ್ಡಿನವರು 25 ಎಐ ಪಾತ್ರಗಳ ಒಂದು ಪುಟ್ಟ ಊರು ಕಟ್ಟಿದರು. ಒಬ್ಬಳಿಗೆ ಔತಣ ಮಾಡುವ ಆಸೆ ಹಾಕಿದರು. ಅವಳು ಕರೆದಳು, ಸುದ್ದಿ ಬಾಯಿಂದ ಬಾಯಿಗೆ ಹೋಯಿತು, ಕೆಲವರು ಸರಿಯಾದ ಹೊತ್ತಿಗೆ ಬಂದರು. 2024ರಲ್ಲಿ 1,052 ಅಮೆರಿಕನ್ನರನ್ನು ಎರಡೆರಡು ಗಂಟೆ ಮಾತಾಡಿಸಿ ಒಬ್ಬೊಬ್ಬರಿಗೂ ಒಂದು ಎಐ ಪ್ರತಿ ಮಾಡಿದರು. ಮನುಷ್ಯ ಎರಡು ವಾರದ ನಂತರ ತನ್ನದೇ ಉತ್ತರವನ್ನು ಎಷ್ಟು ಸರಿಯಾಗಿ ಮತ್ತೆ ಹೇಳುತ್ತಾನೋ, ಅದರ ನೂರಕ್ಕೆ 85ರಷ್ಟು ಈ ಪ್ರತಿಗಳು ಹೊಂದಿಸಿದವು. ನನಗೂ ಆಶ್ಚರ್ಯವಾಯಿತು.

ಆಮೇಲೆ ನಾನೇ ಒಂದು ಎಐಗೆ, 'ನೀನು ಸುರಪುರ ತಾಲೂಕಿನ 45 ವರ್ಷದ ಕೂಲಿ ಹೆಂಗಸು. ಮಗ ಬೆಂಗಳೂರಿಗೆ ಗುಳೆ ಹೋಗುತ್ತೇನೆ ಅನ್ನುತ್ತಾನೆ, ಏನು ಹೇಳುತ್ತೀಯ?' ಅಂತ ಕೇಳಿದೆ. ಮಗನ ಜೊತೆ ಮನಸ್ಸು ಬಿಚ್ಚಿ ಮಾತಾಡಿ, ಸಾಧಕ ಬಾಧಕ ಪಟ್ಟಿ ಮಾಡಿ, ವೃತ್ತಿ ಸಲಹೆಗಾರರನ್ನು ಕಾಣುತ್ತೇನೆ ಅಂತ ಬರೆಯಿತು. ನನ್ನ ಹೆಂಡತಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಎರಡು ಗಂಟೆ ಕೂತು ಮಾತಾಡಿಸಿದವರ ಪ್ರತಿ ಬರುತ್ತದೆ. ಯಾರೂ ಮಾತಾಡಿಸದವರ ಪ್ರತಿ ಎಲ್ಲಿಂದ ಬರಬೇಕು?

ಎಲ್ಲಿ ಕಳ್ಳತನ ಆಗುತ್ತೆ ಅಂತ ಪೊಲೀಸರಿಗೆ ಮೊದಲೇ ಹೇಳುವ ಯಂತ್ರ ಇದೆಯಂತೆ, ನಿಜಾನಾ?

ಇದೆ. ಅಮೆರಿಕದಲ್ಲಿ ಬಳಸಿದರು. ಯಂತ್ರ ಕಲಿಯುವುದು ಕಳ್ಳತನದಿಂದ ಅಲ್ಲ, ದಾಖಲಾದ ಕೇಸಿನಿಂದ. ಪೊಲೀಸರು ಯಾವ ಓಣಿಗೆ ಜಾಸ್ತಿ ಹೋಗುತ್ತಾರೋ ಅಲ್ಲಿ ಕೇಸು ಜಾಸ್ತಿ. ಕೇಸು ಜಾಸ್ತಿ ಅಂತ ಯಂತ್ರ ಮತ್ತೆ ಅಲ್ಲಿಗೇ ಕಳಿಸುತ್ತದೆ. ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್ ನಗರ ಇದನ್ನು ಮೊದಲು ಬಳಸಿದ ಊರುಗಳಲ್ಲಿ ಒಂದು. 2020ರಲ್ಲಿ ಅದೇ ಊರು ನಿಷೇಧಿಸಿತು.

ದಂಗೆ, ಕ್ರಾಂತಿ, ರಾಜ್ಯ ಮುಳುಗೋದು, ಇಂಥ ದೊಡ್ಡ ಘಟನೆ ಮುಂಚೆ ಗೊತ್ತಾಗುತ್ತಾ?

ಬೀದರಿನಲ್ಲಿ ಈ ಪ್ರಶ್ನೆ ಬಂದಾಗ ನಾನು ಕಿಟಕಿ ಕಡೆ ಕೈ ತೋರಿಸಿದೆ. ಮಹಮೂದ್ ಗಾವಾನನ ಮದರಸಾ ಅಲ್ಲಿಂದ ದೂರ ಇರಲಿಲ್ಲ. 1472ರಲ್ಲಿ ಕಟ್ಟಿಸಿದ್ದು. ಗಾವಾನ ಬಹಮನಿ ರಾಜ್ಯವನ್ನು ಹಿಡಿದು ನಿಲ್ಲಿಸಿದ ಮಂತ್ರಿ. 1481ರಲ್ಲಿ ಎದುರಾಳಿಗಳು ಅವನ ಮುದ್ರೆ ಒತ್ತಿದ ಸುಳ್ಳು ಪತ್ರ ಸೃಷ್ಟಿಸಿ ಸುಲ್ತಾನನಿಗೆ ತೋರಿಸಿದರು. ಸುಲ್ತಾನ ತಲೆ ತೆಗೆಸಿದ. ಮರುವರ್ಷ ಸುಲ್ತಾನನೂ ಸತ್ತ. ಮುಂದೆ ರಾಜ್ಯ ಐದು ಹೋಳಾಯಿತು.

ಇಲ್ಲಿ ಎರಡು ವಿಷಯ ಇವೆ. ದಖ್ಖನಿಯವರು ಮತ್ತು ಹೊರಗಿನಿಂದ ಬಂದ ಅಫಾಕಿಗಳ ನಡುವಿನ ಜಗಳ ಹತ್ತಾರು ವರ್ಷದಿಂದ ಬೇಯುತ್ತಿತ್ತು. ಅದನ್ನು ಅಳೆಯಬಹುದಿತ್ತು. ಆದರೆ ಆ ಪತ್ರ, ಆ ಹೊತ್ತು, ಕುಡಿದ ಸುಲ್ತಾನ? ಅದು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಇತಿಹಾಸವನ್ನು ಗಣಿತದಲ್ಲಿ ಹಿಡಿಯಲು ನೋಡುವ ವಿಜ್ಞಾನಿ ಪೀಟರ್ ಟರ್ಚಿನ್ 2010ರಲ್ಲಿ, 2020ರ ಹೊತ್ತಿಗೆ ಅಮೆರಿಕದಲ್ಲಿ ಅಶಾಂತಿ ಏರುತ್ತದೆ ಅಂತ ಬರೆದಿದ್ದರು. ಅವರು ನೋಡಿದ್ದು ಬೇಯುತ್ತಿರುವ ಒಲೆಯನ್ನು. ಕಿಡಿ ಯಾವ ದಿನ ಹಾರುತ್ತದೆ ಅಂತ ಅವರೂ ಹೇಳಲಿಲ್ಲ.

ಯಾರಾದರೂ ಮಾಡೆಲ್ ತಂದು ತೋರಿಸಿದ್ರೆ ನಂಬೋದಾ ಬಿಡೋದಾ, ಹೇಗೆ ಗೊತ್ತಾಗಬೇಕು?

ನಾನು ಮೊದಲು ಕೇಳುವುದು: ಯಂತ್ರ ನೋಡಿರದ ವರ್ಷದ ಮೇಲೆ ಪರೀಕ್ಷೆ ಮಾಡಿದ್ದೀರಾ? 2015ರವರೆಗಿನ ಅಂಕಿ ಕೊಟ್ಟು 2016 ಹೇಳಿಸಿ ನೋಡಬೇಕು. ಗೊತ್ತಿರುವ ವರ್ಷವನ್ನೇ ಸರಿಯಾಗಿ ಹೇಳುವುದು ಉತ್ತರ ಪತ್ರಿಕೆ ನೋಡಿ ಬರೆದ ಹಾಗೆ. ಆಮೇಲೆ, 'ಹೋದ ವರ್ಷದ್ದೇ ಈ ವರ್ಷವೂ' ಅನ್ನುವ ಸೋಮಾರಿ ಊಹೆಗಿಂತ ಎಷ್ಟು ಮೇಲಿದೆ? ಬಹಳ ಮಾಡೆಲ್ ಇಲ್ಲೇ ಬೀಳುತ್ತವೆ. ಒಂದೇ ಅಂಕಿ ಹೇಳಿದರೆ ನಾನು ಎದ್ದು ಬರುತ್ತೇನೆ. ಇಷ್ಟರಿಂದ ಇಷ್ಟರವರೆಗೆ ಅನ್ನಬೇಕು.

ಹವಾಮಾನದವರಿಗೆ ಒಂದು ಅನುಕೂಲ ಇದೆ. ದಿನಾ ಹೇಳುತ್ತಾರೆ, ದಿನಾ ತಪ್ಪು ತಿದ್ದಿಕೊಳ್ಳುತ್ತಾರೆ. ಬೆಲೆ ಕುಸಿತ, ಮಹಾಮಾರಿ ದಿನಾ ಬರುವುದಿಲ್ಲ. ಪುಣ್ಯ.

ನಾನು ಇಲ್ಲೇ ಕೂತು ಕಲೀಬಹುದಾ ಸರ? ಬೆಂಗಳೂರಿಗೇ ಹೋಗಬೇಕಾ?

ಬೇಡ. ನೆಟ್‌ಲೋಗೋ ಅಂತ ಒಂದು ಸಾಫ್ಟ್‌ವೇರ್ ಇದೆ, ಉರಿ ವಿಲೆನ್ಸ್ಕಿ 1999ರಲ್ಲಿ ಹೊರತಂದದ್ದು. ದುಡ್ಡು ಕೊಡಬೇಕಿಲ್ಲ, ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಮೇಲೆ ಹೇಳಿದ ತೊಗರಿ-ಜೋಳದ ಆಟ ಅದರೊಳಗೆ ಮೊದಲೇ ಸಿದ್ಧವಾಗಿದೆ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಬರುವವರಿಗೆ ಇಂಥದೇ ಮೇಸಾ ಇದೆ.

ನಮ್ಮ ಒಬ್ಬ ವಿದ್ಯಾರ್ಥಿನಿ ಪ್ರಾಜೆಕ್ಟಿಗೆ ತನ್ನ ತಾಂಡಾವನ್ನೇ ತೆಗೆದುಕೊಂಡಳು. ಮನೆಮನೆಗೆ ಹೋಗಿ ಒಂದೊಂದು ಮನೆಗೆ 12 ಚೌಕ ಹಾಕಿದ ಹಾಳೆ ಮಾಡಿದಳು, ತಿಂಗಳಿಗೊಂದು ಚೌಕ. ಯಾವ ತಿಂಗಳು ಮನೆಯಲ್ಲಿ ಎಷ್ಟು ಮಂದಿ ಅಂತ ಪೆನ್ಸಿಲಿನಲ್ಲಿ ಬರೆದಳು, ಅಳಿಸಿ ತಿದ್ದುವುದಕ್ಕೆ ಬರಲಿ ಅಂತ. ಕಂಪ್ಯೂಟರಿಗೆ ಹಾಕುವ ಕೆಲಸ ಎರಡು ದಿನದ್ದು. ಆ ಹಾಳೆ ತುಂಬಿಸಲು ಅವಳಿಗೆ ದೀಪಾವಳಿಯಿಂದ ಹೋಳಿಯವರೆಗೆ ಬೇಕಾಯಿತು.